ಕರೆಂಟಿನ ಕೋಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಜನ ವಿಕಿರಣ ಚಿಕಿತ್ಸೆಯನ್ನು ಅಂದೂ ಇಂದೂ ‘ಕರೆಂಟ್ ಇಡಿಸುವುದು’ ಎಂದೇ ಕರೆಯುತ್ತಾರೆ. 1978ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಕೋಬಾಲ್ಟ್ ಯಂತ್ರವನ್ನು ನಡೆಸುವ ಕೆಲಸಕ್ಕೆ ಸೇರಿದ ನನಗೆ, ಆ ಕಿರಣಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲವೆಂದು ತಿದ್ದುವ ಮನಸ್ಸಾಗುತ್ತಿತ್ತಾದರೂ, ಕೇಳುವವರ ಕಣ್ಣಿನಲ್ಲಿದ್ದ ಭೀತಿಯನ್ನು ಕಂಡು ಸುಮ್ಮನಾಗುತ್ತಿದ್ದೆನು.

ಕೋಬಾಲ್ಟಿನ ಶಕ್ತಿಯು ಐದು ವರ್ಷ ಮೂರು ತಿಂಗಳಿಗೆ ಅರ್ಧವಾಗುವುದರಿಂದ, ಪ್ರತಿ ತಿಂಗಳೂ ರೋಗಿಯು ಮೇಜಿನ ಮೇಲೆ ಅಲುಗದೆ ಮಲಗಬೇಕಾದ ಸಮಯವನ್ನು ಅಷ್ಟಷ್ಟೇ ಹೆಚ್ಚಿಸುತ್ತ ಹೋಗಬೇಕಾಗಿತ್ತು. ದುಗ್ಧಗ್ರಂಥಿಗಳ ಕ್ಯಾನ್ಸರಾದ ಹಾಡ್ಜ್‌ಕಿನ್ ರೋಗಕ್ಕೆ ತುತ್ತಾಗಿದ್ದ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್ ಒಬ್ಬರು ವಾರದಲ್ಲಿ ಐದು ದಿನ ಮೊದಲ ಬಸ್ಸಿಗೇ ಹೊರಟು ಬರುತ್ತಿದ್ದರು. ಅವರ ಕೊರಳು, ಕಂಕುಳು, ಎದೆಗಳ ಮೇಲೆ ನೇರಳೆ ಬಣ್ಣದ ಗೆರೆಗಳನ್ನೆಳೆದು, ಶ್ವಾಸಕೋಶಗಳಿಗೆ ಸೀಸದ ಗಟ್ಟಿಗಳ ನೆರಳನ್ನು ಹೊಂದಿಸುತ್ತ, ಅಳತೆ ತಪ್ಪಿದರೆ ಆಗುವ ಕೇಡನ್ನು ನಾನು ವಿವರಿಸಿದಾಗ ಅವರು ಹೇಳಿದುದು ಇಷ್ಟು: “ಗೂಡು ಬೇಯಿಸಿದ ಹಾಗೇ ಅಲ್ವಾ ಸಾರ್, ಕಮ್ಮಿ ಬೆಂದ್ರೆ ಎಳೆ ಬಿಡಲ್ಲ, ಜಾಸ್ತಿ ಬೆಂದ್ರೆ ರೇಷ್ಮೆ ಕೆಡ್ತದೆ.” ನನ್ನ ವೃತ್ತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆನು.

ಅದೇ ಗೆರೆಗಳು ಕಸಿ ಮಾಡಿದ ಹೃದಯವನ್ನು ಉಳಿಸಲೂ ಬಲ್ಲವೆಂಬುದನ್ನು ನಾನು ತಿಳಿದುದು 1990ರ ದಶಕದಲ್ಲಿ, ನಮ್ಮ ವಿಭಾಗದ ಹಿರಿಯ ವೈದ್ಯರೊಬ್ಬರ ಬಾಯಿಂದ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಶಸ್ತ್ರವೈದ್ಯ ಕ್ರಿಸ್ಟಿಯಾನ್ ಬರ್ನಾರ್ಡರು ವಾಷ್ಕಾನ್‌ಸ್ಕಿ ಎಂಬ ರೋಗಿಗೆ ಮತ್ತೊಬ್ಬರ ಹೃದಯವನ್ನು ಜೋಡಿಸಿದ ಮೇಲೆ, ದೇಹವು ಅದನ್ನು ತಿರಸ್ಕರಿಸದಿರಲೆಂದು ಔಷಧಿಗಳ ಜೊತೆಗೆ ಆ ಹೃದಯದ ಮೇಲೆಯೇ ಕೋಬಾಲ್ಟ್ ಕಿರಣವನ್ನು ಹಾಯಿಸಿದ್ದರಂತೆ. ರೋಗಿಯು ಹದಿನೆಂಟನೆಯ ದಿನ ನ್ಯುಮೋನಿಯಾದಿಂದ ತೀರಿಕೊಂಡನು. ಮುಂದೆ ಸ್ಟ್ಯಾನ್‌ಫರ್ಡಿನ ವೈದ್ಯರು ಹೃದಯವನ್ನು ಬಿಟ್ಟು, ಅದರ ಮೇಲೇರಿ ಬರುವ ಬಿಳಿಯ ಕಣಗಳ ನೆಲೆಯಾದ ದುಗ್ಧಗ್ರಂಥಿಗಳತ್ತ, ಹೆನ್ರಿ ಕಪ್ಲಾನರು ಹಾಡ್ಜ್‌ಕಿನ್ ರೋಗಕ್ಕೆಂದು ರೂಪಿಸಿದ್ದ ಕ್ರಮದಲ್ಲಿಯೇ ಕಿರಣವನ್ನು ತಿರುಗಿಸಿದರು. ನಮ್ಮ ರೀಲರಿಗೆ ಸುಮಾರು 40 ಗ್ರೇ (ಕಿರಣದ ಪ್ರಮಾಣದ ಅಳತೆ) ಬೇಕಾಗಿದ್ದಲ್ಲಿ ಹೃದಯ ಕಸಿಯಾದವರಿಗೆ ಸಾಲುತ್ತಿದ್ದುದು 8 ಗ್ರೇ ಮಾತ್ರ, ವಾರಕ್ಕೆರಡರಂತೆ ಹತ್ತು ಕಂತುಗಳಲ್ಲಿ. ಕೊಲ್ಲುವ ಹದವಲ್ಲ, ಶಮನಗೊಳಿಸುವ ಹದ. ಆದರೆ ಅಷ್ಟು ಹೊತ್ತಿಗಾಗಲೇ ತಿರಸ್ಕಾರವನ್ನು ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧಿ ಬಂದಿದ್ದಿತು. ಔಷಧಿಗಳು ಮತ್ತೆ ಮತ್ತೆ ಸೋತ ಕೆಲವರಿಗಷ್ಟೇ ಕಿರಣದ ಅಗತ್ಯವುಳಿಯಿತು. ಅಂತಹ ಒಬ್ಬ ರೋಗಿಯೂ ನನ್ನ ಮೇಜಿಗೆ ಬರಲಿಲ್ಲ.

ನಾನು ನಿವೃತ್ತನಾಗುವ ವೇಳೆಗೆ ಕೋಬಾಲ್ಟ್ ಹೋಗಿ ಲೀನಿಯರ್ ಆಕ್ಸಲರೇಟರ್ ಬಂದಿತ್ತು. ಕೈಯ ಗೆರೆಗಳ ಬದಲು ಸಿ.ಟಿ. ಚಿತ್ರದ ಮೇಲೆ ಕಂಪ್ಯೂಟರು ಲೆಕ್ಕ ಹಾಕುತ್ತಿತ್ತು. ಸೀಸದ ಗಟ್ಟಿಗಳು ಮೂಲೆ ಸೇರಿದವು.

ಈಚೆಗೆ ಚಿಂತಾಮಣಿಯಲ್ಲಿ, ಬೆಂಗಳೂರಿನಲ್ಲಿ ಹೃದಯ ಕಸಿಯಾಗಿ ಬಂದ ತರುಣನೊಬ್ಬನನ್ನು ನೋಡಲು ಹೋಗಿದ್ದೆನು. ಆತನ ತಾಯಿ ನನ್ನ ಹಳೆಯ ಕೆಲಸವನ್ನರಿತವರು; ಕಾಫಿಯ ಲೋಟವನ್ನಿಟ್ಟು, ದನಿ ತಗ್ಗಿಸಿ, “ಅಣ್ಣಾ, ನಮ್ ಹುಡುಗನಿಗೂ ಕರೆಂಟ್ ಇಡಿಸ್ಬೇಕಾಗ್ತದಾ?” ಎಂದರು. “ಮಾತ್ರೆ ಮೇಲಿಂದ ಮೇಲೆ ಸೋತ್ರೆ ಮಾತ್ರ ಆ ಮಾತು ತಾಯಿ, ಅದೂ ಬಲು ಅಪರೂಪ” ಎಂದೆನು. ಆಕೆ ಒಳಗೆ ಹೋಗಿ ಮಾತ್ರೆಯ ಡಬ್ಬಿಯನ್ನು ತಂದರು. ಒಂದೊಂದರ ಹೊತ್ತನ್ನೂ ನಾನು ಓದಿದಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು.