ಹಿಂದಚ್ಚಿನ ಕೊರಗು

ವಾಹನಗಳು ಮಾತನಾಡುವುದಿಲ್ಲವೆಂಬುದು ವಾಹನವಿಲ್ಲದವರ ನಂಬಿಕೆ. ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಆರಿದ ಗಾಲಿಯು ಇನ್ನೂ ಊರ ಹೊರಗಿನ ಹಳ್ಳದಲ್ಲಿರುವಾಗಲೇ ತನ್ನ ಬಡತನವನ್ನು ಊರಿಗೆಲ್ಲ ಸಾರುತ್ತಿತ್ತು. ಮನೆಯೊಳಗಿನ ಹೆಂಗಸರು ತಮ್ಮ ಗಾಡಿಯ ದನಿಯನ್ನು ಗುರುತಿಸಿ ಒಲೆಯ ಮೇಲೆ ಎಸರಿಡುತ್ತಿದ್ದರು. ಇಂದಿನ ಪಿಕಪ್ ಗಾಡಿಯ ಬಾಯಿ ಅಷ್ಟು ಸರಳವಾದುದಲ್ಲ. ಅದರ ಹಿಂದಚ್ಚು ಕೊರಗತೊಡಗಿದರೆ, ಆ ಕೊರಗು ಯಾವ ಮೂಲೆಯದೆಂದು ಹೇಳುವುದಕ್ಕೆ ವೈದ್ಯನ ತಾಳ್ಮೆ ಬೇಕು. ಕೇಳಿಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಹಿರೇಹಡಗಲಿಯು ಹೂವಿನಹಡಗಲಿ ತಾಲ್ಲೂಕಿನ ಊರು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಳ್ಳುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಪಂಡಿತರು ಇಲ್ಲಿಗೆ ಬರುವುದು ಹನ್ನೊಂದನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಬಾಗಿಲುವಾಡಗಳ ಕೆತ್ತನೆಯನ್ನು ನೋಡಲು. ವ್ಯಾಪಾರಿಗಳು ಈ ಸೀಮೆಯನ್ನು ಬಲ್ಲದ್ದು ಅದರ ಮಲ್ಲಿಗೆಯಿಂದ. ಮಲ್ಲಿಗೆಯಷ್ಟು ಅವಸರದ ಸರಕು ಬೇರೊಂದಿಲ್ಲ. ಮೊಗ್ಗಾಗಿ ಕಿತ್ತದ್ದು ಮೊಗ್ಗಾಗಿಯೇ ಪೇಟೆ ಮುಟ್ಟಬೇಕು. ಸಂಜೆ ಅರಳಿದರೆ ಮುಡಿಗೆ, ದಾರಿಯಲ್ಲಿ ಅರಳಿದರೆ ತಿಪ್ಪೆಗೆ. ಹೀಗಾಗಿ ಹೂವಿನ ಗಾಡಿಯವನ ಸಂಸಾರವೆಲ್ಲ ಗಡಿಯಾರದ ಮುಳ್ಳಿನ ಮೇಲೆ ಕುಳಿತಿರುತ್ತದೆ.

ಇಂಥ ಗಾಡಿಯವನೊಬ್ಬನ ಮಾತು ಇದು. ನಲವತ್ತರ ಆಸುಪಾಸಿನ ಗೃಹಸ್ಥ. ಗಾಡಿಯ ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ. ಮಗಳು ಕಾಲೇಜಿನ ಮೆಟ್ಟಿಲು ಹತ್ತಿದ್ದಾಳೆ. ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಹೋಗುವಾಗ, ವೇಗ ಐವತ್ತು ಕಿಲೋಮೀಟರು ದಾಟಿದೊಡನೆ ಹಿಂದಿನಿಂದ ಒಂದು ಸಣ್ಣ ನಾದ ಏಳುತ್ತಿತ್ತು. ದೂರದ ಭಜನೆಯ ಮನೆಯಲ್ಲಿ ಯಾರೋ ಹಾರ್ಮೋನಿಯಮ್ಮಿನ ಒಂದೇ ಮನೆಯನ್ನು ಒತ್ತಿ ಹಿಡಿದು ನಿದ್ದೆಹೋದಂತೆ. ಅವನು ಅದನ್ನು ಮೊದಲ ದಿನವೇ ಕೇಳಿದ್ದ. ಕೇಳಿ, ರೇಡಿಯೋದ ಹಾಡನ್ನು ತುಸು ಏರಿಸಿದ. ಎರಡು ವಾರ ಸಿನಿಮಾದ ಗಾಯಕರು ಹಿಂದಚ್ಚಿನ ಮೇಲೆ ಹೊದಿಕೆ ಹೊದಿಸಿದರು.

ಹೊದಿಕೆಯನ್ನು ತೆಗೆದವಳು ಹೆಂಡತಿ. ನಂಟರ ಮದುವೆಗೆಂದು ಪಕ್ಕದಲ್ಲಿ ಕುಳಿತು ಹೊರಟಿದ್ದವಳು, "ಗಾಡಿ ಯಾಕ್ರೀ ಹಿಂಗ ಅಳಾಕ ಹತ್ತೈತಿ?" ಎಂದಳು.

"ರೋಡು ಸರಿ ಇಲ್ಲ" ಎಂದ ಅವನು. ಮುಂದೆ ಹೊಸದಾಗಿ ಡಾಂಬರು ಹಾಕಿದ ರಸ್ತೆ ಬಂತು. ಅಳು ಮುಂದುವರಿಯಿತು. ಆಕೆ ಏನೂ ಅನ್ನಲಿಲ್ಲ; ಅನ್ನದಿರುವುದರಲ್ಲಿಯೇ ಎಲ್ಲವೂ ಇತ್ತು.

ಯಂತ್ರದ ರೋಗದಲ್ಲಿ ಇದೊಂದು ವಿಚಿತ್ರ. ಯಾರ ಅನ್ನ ಆ ಯಂತ್ರದ ಮೇಲೆ ನಿಂತಿದೆಯೋ ಅವನ ಕಿವಿಗೆ ಸದ್ದು ಎಲ್ಲರಿಗಿಂತ ಮೊದಲು ಬೀಳುತ್ತದೆ. ಅದನ್ನು ಎಲ್ಲರಿಗಿಂತ ಕಡೆಗೆ ಒಪ್ಪಿಕೊಳ್ಳುವವನೂ ಅವನೇ. ಒಪ್ಪಿಕೊಂಡ ಗಳಿಗೆಯಿಂದ ಖರ್ಚು ಮೊದಲಾಗುತ್ತದೆಯಲ್ಲ!

ಒಪ್ಪಿಕೊಂಡ ಮೇಲೆ ಸಲಹೆಗಳ ಸುಗ್ಗಿ. ಚಹದಂಗಡಿಯಲ್ಲಿ ಒಬ್ಬರು ಟೈರು ಎಂದರು. ಇನ್ನೊಬ್ಬರು ಚಕ್ರದ ಬೇರಿಂಗು ಎಂದರು. ಪೇಟೆಯ ಒಂದು ಗ್ಯಾರೇಜಿನವರು ಗಾಡಿಯನ್ನು ಹತ್ತದೆಯೇ, ಕ್ರೌನು ಪಿನಿಯನ್ನು ಎರಡೂ ಹೋಗಿವೆ, ಪೂರ್ತಿ ಸೆಟ್ಟು ಬದಲಿಸಬೇಕು ಎಂದು ಲೆಕ್ಕದ ಚೀಟಿ ಬರೆದುಕೊಟ್ಟರು. ಆ ಚೀಟಿಯ ಮೊತ್ತದಲ್ಲಿ ಮೂರು ಕಂತುಗಳು ಮುಳುಗುತ್ತಿದ್ದವು.

ಕಡೆಗೆ ಅವನು ಹೋದದ್ದು ಹಡಗಲಿಯ ಒಬ್ಬ ಮುದುಕ ಮಿಸ್ತ್ರಿಯ ಬಳಿಗೆ. ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಯಾವಾಗಿನಿಂದ, ಎಷ್ಟು ವೇಗದಲ್ಲಿ, ಭಾರವಿದ್ದಾಗಲೋ ಇಲ್ಲದಾಗಲೋ ಎಂದು ಕೇಳಿ, ಪಕ್ಕದಲ್ಲಿ ಹತ್ತಿ ಕುಳಿತು, ರೇಡಿಯೋ ಆರಿಸಿ ಬೆರಳೆತ್ತಿದ. ಇದೇ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕಾರಣಿಕದ ನುಡಿಗೆ ಕಾಯುವುದನ್ನು ಕಂಡವರು ಬಲ್ಲರು. ಗಾಡಿಯೊಳಗೆ ಅಂಥದೇ ಮೌನ ಕವಿಯಿತು.

ಪರೀಕ್ಷೆಯ ರೀತಿ ಬಲು ಸೊಗಸಾದುದು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸುವುದು. ನಾಲ್ಕನೆಯ ಗೇರಿನಲ್ಲಿ ಐವತ್ತು. ಅದೇ ಐವತ್ತನ್ನು ಮೂರನೆಯ ಗೇರಿನಲ್ಲಿ. ಎಂಜಿನ್ನಿನ ಗದ್ದಲ ಏರಿತು, ಕೊರಗಿನ ಶ್ರುತಿ ಕದಲಲಿಲ್ಲ. ಅಲ್ಲಿಗೆ ಎಂಜಿನ್ನು ನಿರ್ದೋಷಿ. ಡಾಂಬರಿನಿಂದ ಸಿಮೆಂಟಿನ ರಸ್ತೆಗಿಳಿದರೂ ನಾದ ಬದಲಾಗಲಿಲ್ಲ. ಟೈರಿನ ಸದ್ದಾಗಿದ್ದರೆ ನೆಲಕ್ಕೆ ತಕ್ಕಂತೆ ರಾಗ ಬದಲಿಸುತ್ತಿತ್ತು. ನಿರ್ಜನವಾದ ಹಾದಿಯಲ್ಲಿ ಎಡಕ್ಕೂ ಬಲಕ್ಕೂ ಮೆಲ್ಲನೆ ಬಳುಕಿಸಿದರು. ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿದಾಗ ಚಕ್ರದ ಬೇರಿಂಗು ಕೆಟ್ಟಿದ್ದರೆ ಗೊಣಗು ಏರಬೇಕು, ಇಲ್ಲವೆ ಇಳಿಯಬೇಕು, ಹಾಗಾಗಲಿಲ್ಲ. ಕಡೆಯದಾಗಿ "ಕಾಲೆತ್ತು" ಎಂದ ಮಿಸ್ತ್ರಿ. ಕಾಲೆತ್ತಿದೊಡನೆ ಕೊರಗು ಬಹುಪಾಲು ಅಡಗಿತು. ಒತ್ತಿದೊಡನೆ ಮತ್ತೆ ಎದ್ದಿತು.

"ಪಿನಿಯನ್ನಿನ ಬಾಜೂಕ ಐತಿ" ಎಂದ.

ಎಂಜಿನ್ನಿನಿಂದ ಉದ್ದದ ದಂಡದ ಮೂಲಕ ಹರಿದು ಬರುವ ಬಲವನ್ನು ಅಡ್ಡಕ್ಕೆ ತಿರುಗಿಸಿ ಎರಡು ಚಕ್ರಗಳಿಗೆ ಹಂಚುವುದು ಹಿಂದಚ್ಚಿನ ಗುಂಡು ಹೊಟ್ಟೆಯ ಕೆಲಸ. ಅಲ್ಲಿ ಸಣ್ಣ ಪಿನಿಯನ್ನು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಒಂದಕ್ಕೆ 9 ಹಲ್ಲು, ಇನ್ನೊಂದಕ್ಕೆ 37 ಹಲ್ಲು ಎಂದಿಟ್ಟುಕೊಳ್ಳಿ. 9ರಿಂದ ಭಾಗವಾಗದ 37 ಏಕೆಂದರೆ, ಅದೇ ಹಲ್ಲಿಗೆ ಅದೇ ಹಲ್ಲು ಪದೇ ಪದೇ ಗಂಟು ಬೀಳದೆ ಎಲ್ಲವೂ ಎಲ್ಲದರೊಡನೆ ಸರದಿಯಂತೆ ಕೂಡಿ ಸವೆತ ಸಮನಾಗಲೆಂದು. ಚಕ್ರದ ಸುತ್ತಳತೆ ಎರಡು ಮೀಟರಿನಷ್ಟಿದ್ದರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 300 ಹಲ್ಲುಗಳು ಕೂಡಿ ಅಗಲುತ್ತವೆ. ಹಾರ್ಮೋನಿಯಮ್ಮಿನಲ್ಲಿ ಅದು ಹೆಚ್ಚುಕಡಿಮೆ ಬಿಳಿ ಎರಡರ ಸ್ವರ! ಗಾಡಿಯವನಿಗೆ ಹಾರ್ಮೋನಿಯಂ ನೆನಪಾದುದು ಬರಿಯ ಕಲ್ಪನೆಯಲ್ಲ. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಮೋಟಾರಿನಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರಿಸುವ ಹೈಪಾಯ್ಡ್ ರಚನೆ ಬಂದಂದಿನಿಂದ ಹಲ್ಲುಗಳು ಹೆಚ್ಚು ಮೆಲ್ಲಗೆ ನುಡಿಯತೊಡಗಿದವು. ಆದರೆ ಈ ರಚನೆಯಲ್ಲಿ ಹಲ್ಲಿನ ಮೇಲೆ ಹಲ್ಲು ಜಾರಿ ಉಜ್ಜುವುದು ಹೆಚ್ಚು. ಆದ್ದರಿಂದಲೇ ಮೂಗು ಮುಚ್ಚಿಕೊಳ್ಳುವಂಥ ಗಂಧಕದ ವಾಸನೆಯ ಆ ಗೇರೆಣ್ಣೆ. ಅದು ತಪ್ಪಿದರೆ ಎಲ್ಲವೂ ತಪ್ಪಿತು.

ತಪ್ಪಿದ್ದೂ ಅದೇ. ಮಿಸ್ತ್ರಿ ಎಣ್ಣೆಯ ಬಿರಡೆಯನ್ನು ಬಿಚ್ಚಿ ಬೆರಳು ತೂರಿಸಿದ. ಬೆರಳು ಒಣಗಿಯೇ ಹೊರಬಂತು. ಪಿನಿಯನ್ನಿನ ಬಾಯಿಯ ಸುತ್ತ ಎಣ್ಣೆ ಜಿನುಗಿ, ಧೂಳು ಕೂಡಿ, ಕರಿಯ ಹೆಂಟೆಯಾಗಿತ್ತು. ಆಯಿಲ್ ಸೀಲು ಎಂದೋ ಸವೆದಿತ್ತು. ದಂಡವನ್ನು ಕಳಚಿ ಪಿನಿಯನ್ನಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಕೈಗೆ ತಿಳಿಯುವಷ್ಟು ಆಟ. ಅಳಿದುಳಿದ ಎಣ್ಣೆಯಲ್ಲಿ ಅಯಸ್ಕಾಂತವಾಡಿಸಿದಾಗ ಬೆಳ್ಳಿಯ ಹೊಟ್ಟಿನಂತೆ ಲೋಹದ ಪುಡಿ ಹತ್ತಿತು. ಬೇರಿಂಗಿನ ಹೊರಬಳೆಯಲ್ಲಿ ಸಿಡುಬಿನ ಕಲೆಗಳು. ಭಾರ ಬಿದ್ದಾಗ ಪಿನಿಯನ್ನು ತನ್ನ ಸ್ಥಾನದಿಂದ ಕೂದಲೆಳೆಯಷ್ಟು ಸರಿಯುತ್ತಿತ್ತು. ಕೂಡಬಾರದ ಕಡೆ ಹಲ್ಲು ಕೂಡಿ ಅಳುತ್ತಿತ್ತು.

ಹಲ್ಲುಗಳ ಗತಿಯೇನು? ಹೊಸ ಬೇರಿಂಗು ಕೂರಿಸಿದ ಮೇಲೆ ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿದರು. ಬಣ್ಣ ಅಳಿಸಿದ ಗುರುತು ಹಲ್ಲಿನ ಅಂಚಿಗೆ ಹೋಗದೆ ನಡುವೆಯೇ ಬಿದ್ದಿತ್ತು. ಮುರುಕಿಲ್ಲ, ಬಿರುಕಿಲ್ಲ. ಆ ದುಬಾರಿ ಚೀಟಿಯನ್ನು ಹರಿಯಬಹುದಾಗಿತ್ತು. ಎರಡು ಬೇರಿಂಗು, ಒಂದು ಸೀಲು, ಹೊಸ ಎಣ್ಣೆ, ಎರಡು ದಿನದ ಕೂಲಿ. ಮೊತ್ತ ಒಂದು ಕಂತಿನೊಳಗೆ ಮುಗಿಯಿತು. ಆ ಎರಡು ದಿನ ಮಲ್ಲಿಗೆಯ ಬುಟ್ಟಿಗಳು ಪರರ ಗಾಡಿಯಲ್ಲಿ ಹೋದವು. ಬಾಡಿಗೆಯೂ ಪರರಿಗೇ ಹೋಯಿತು.

ಇನ್ನೊಂದು ತಿಂಗಳು ಹಾಡು ಕೇಳುತ್ತ ಓಡಿಸಿದ್ದರೆ ಏನಾಗುತ್ತಿತ್ತೆಂದು ಅವನು ಕೇಳಿದ. ಬೇರಿಂಗು ಕಾದು ಹಿಡಿದುಕೊಂಡಿತೆಂದರೆ, ಓಡುವ ಗಾಡಿಯ ಹಿಂಬದಿಯ ಚಕ್ರಗಳು ಒಮ್ಮೆಲೇ ಕಚ್ಚಿ ನಿಲ್ಲಬಹುದು. ನಸುಕಿನ ಮೂರು ಗಂಟೆಗೆ, ಹರಪನಹಳ್ಳಿಯ ರಸ್ತೆಯಲ್ಲಿ, ಹಿಂದಿನಿಂದ ಲಾರಿ ಬರುತ್ತಿರುವಾಗ! ಮಿಸ್ತ್ರಿ ಇಷ್ಟನ್ನೆಲ್ಲ ವಿವರಿಸಲಿಲ್ಲ. "ಮನೀಗ ಮುಟ್ಟತಿದ್ದಿಲ್ಲಪ್ಪ" ಎಂದಷ್ಟೇ ಹೇಳಿ ಕೈ ಒರೆಸಿಕೊಂಡ.

ಗಾಡಿ ಮತ್ತೆ ರಸ್ತೆಗಿಳಿಯಿತು. ಒತ್ತಿದರೆ ಸದ್ದಿಲ್ಲ. ಕಾಲೆತ್ತಿದಾಗ ಮಾತ್ರ, ಕಿವಿಗೊಟ್ಟರೆ, ಸೊಳ್ಳೆಯ ಹಾಡಿನಷ್ಟು ತೆಳುವಾದ ಎಳೆಯೊಂದು ಉಳಿದಿತ್ತು. ಅವನ ಮುಖ ಮತ್ತೆ ಬಾಡಿತು.

"ಅಷ್ಟು ಇರತೈತಿ. ಹಲ್ಲು ಹಳೇವು, ಬೇರಿಂಗು ಹೊಸಾವು" ಎಂದ ಮಿಸ್ತ್ರಿ. "ಐನೂರು ಕಿಲೋಮೀಟರಿಗೆ ತಗೊಂಡು ಬಾ. ಬೆರಳು ಹಾಕಿ ನೋಡೋಣು."