ಹನ್ನೆರಡನೇ ಮೀಟರು

ಅಪ್ಪ ರೇಡಿಯೋ ಆನ್ ಮಾಡದೆ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಎರಡು ಸಲ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಂದಿದ್ದೆ. ಗಮನಿಸಿರಲಿಲ್ಲ. ಕೊನೆಗೆ ಅಮ್ಮನೇ ಫೋನ್ ಮಾಡಿ ಹೇಳಿದಳು.

ಅಪ್ಪ ಹ್ಯಾಮ್. ಬ್ಯಾಂಕ್ ಕೆಲಸದ ನಡುವೆಯೇ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವರು. ನಮ್ಮನೆಯಲ್ಲಿ ಬೆಳಗಿನ ಕಾಫಿ ಅಂದರೆ ಜತೆಗೆ 7 ಮೆಗಾಹರ್ಟ್ಸ್‌ನ ಕರಕರ ಸದ್ದು, ಹುಬ್ಬಳ್ಳಿಯಿಂದಲೋ ಕೊಚ್ಚಿಯಿಂದಲೋ ಯಾರದೋ ‘ಗುಡ್ ಮಾರ್ನಿಂಗ್’.

ಶನಿವಾರ ಹೋಗಿ ಕೇಳಿದೆ. “ಏನೂ ಕೇಳಿಸಲ್ಲ ಕಣೋ. ಬ್ಯಾಂಡ್ ಸರಿಯಿಲ್ಲವೋ, ನನ್ನ ಕಿವಿ ಸರಿಯಿಲ್ಲವೋ. ವಯಸ್ಸಾಯ್ತಲ್ಲ” ಅಂದರು. ‘ವಾಟ್ಸ್ಯಾಪ್ ಇದೆಯಲ್ಲಪ್ಪಾ’ ಅಂತ ಹಿಂದೊಮ್ಮೆ ಅವರನ್ನು ರೇಗಿಸಿದ್ದು ನೆನಪಾಗಿ ಚುರ್ ಅಂತು.

ಗೆಳೆಯನಿಂದ ಇಸ್ಕೊಂಡು ಬಂದಿದ್ದ ನ್ಯಾನೋ ವಿಎನ್ಎ ಹೊರತೆಗೆದೆ. ಅಂಗೈಯಗಲದ ಅಳತೆ ಯಂತ್ರ. ರೇಡಿಯೋದಿಂದ ತಾರಸಿಯ ಆಂಟೆನಾಗೆ ಹೋಗುವ ಕೇಬಲ್ ಮೇಲೆ ನನಗೆ ಅನುಮಾನ.

ರೇಡಿಯೋ ಅಲೆ ಬಯಲಲ್ಲಿ ಓಡುವಷ್ಟು ಜೋರಾಗಿ ಕೇಬಲ್‌ನೊಳಗೆ ಓಡಲ್ಲ. ನಮ್ಮ ಕೇಬಲ್‌ನಲ್ಲಿ ನಡುವಿನ ತಾಮ್ರದ ತಂತಿಯ ಸುತ್ತ ಗಟ್ಟಿ ಪಾಲಿಥೀನ್ ಇದೆ. ಅದರಲ್ಲಿ ಅಲೆಯ ವೇಗ ಬೆಳಕಿನ ವೇಗದ ಸುಮಾರು ಶೇ. 66 ಮಾತ್ರ. ಹಾಗಾಗಿ ಟೇಪಿನಲ್ಲಿ 20 ಮೀಟರ್ ಇರುವ ಕೇಬಲ್ ಅಲೆಯ ಪಾಲಿಗೆ ಸುಮಾರು 30 ಮೀಟರ್. ಇದೇ ಎಲೆಕ್ಟ್ರಿಕಲ್ ಲೆಂತ್.

ಅಳೆಯೋದು ಕಷ್ಟವಲ್ಲ. ತಾರಸಿ ಹತ್ತಿ ಆಂಟೆನಾ ಬಿಚ್ಚಿ, ಕೇಬಲ್‌ನ ಆ ತುದಿಯನ್ನು ಖಾಲಿ ಬಿಟ್ಟೆ. ಈ ತುದಿಗೆ ಯಂತ್ರ ಸೇರಿಸಿ ಫ್ರೀಕ್ವೆನ್ಸಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾ ಹೋಗಬೇಕು. ಕೇಬಲ್ ಸರಿಯಾಗಿ ಕಾಲು ತರಂಗಾಂತರದಷ್ಟಾದಾಗ ಒಂದು ತಮಾಷೆ ನಡೆಯುತ್ತೆ. ಆಚೆ ತುದಿ ಖಾಲಿ ಇದ್ದರೂ ಈಚೆಯಿಂದ ನೋಡಿದರೆ ಶಾರ್ಟ್ ಆದ ಹಾಗೆ ಕಾಣುತ್ತೆ. ಇಂಪೀಡೆನ್ಸ್ ಸೊನ್ನೆ ಹತ್ತಿರಕ್ಕೆ ಇಳಿಯುತ್ತೆ. 75ನ್ನು 0.66ರಿಂದ ಗುಣಿಸಿ, ಆ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕೇಬಲ್ ಉದ್ದ ಮೀಟರಿನಲ್ಲಿ ಸಿಗುತ್ತೆ.

ಅಪ್ಪ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. “20 ಮೀಟರಿಗೆ 2.48ರಲ್ಲಿ ಇಳೀಬೇಕು.”

ಇಳಿಯಲಿಲ್ಲ. ಮೊದಲ ಇಳಿತ ಬಂದದ್ದು 4.12ರಲ್ಲಿ.

ಅಪ್ಪ ಮತ್ತೆ ಪೆನ್ಸಿಲ್ ಹಿಡಿದರು. “ಹನ್ನೆರಡು ಮೀಟರ್! ಅಂದ್ರೆ ಕೇಬಲ್ ಅಲ್ಲಿಗೇ ಮುಗಿದಿದೆ.” ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಹುರುಪಿತ್ತು.

ಟೇಪ್ ಹಿಡಿದು ಕೇಬಲ್ ಗುಂಟ ಹೋದೆವು. ಕಿಟಕಿ, ಹಿತ್ತಿಲ ಗೋಡೆ, ತಾರಸಿ. ಹನ್ನೆರಡನೇ ಮೀಟರು ಬಂದದ್ದು ಸೋಲಾರ್ ಹೀಟರಿನ ಪೈಪ್ ಕೆಳಗೆ. ಅಲ್ಲಿ ಕೇಬಲ್‌ಗೆ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಿದರೆ, ಕತ್ತರಿಸಿಹೋದ ಕೇಬಲ್. ಹೊರಗಿನ ಜಾಲರಿಯನ್ನು ಹೊಸೆದು ಸೇರಿಸಿದ್ದರು. ಒಳಗಿನ ತಂತಿ ಮಾತ್ರ ಸೇರಿರಲಿಲ್ಲ.

ಸೋಲಾರ್ ಹಾಕಿಸಿದ್ದು ನಾನು, ದೀಪಾವಳಿಗೆ. ಅವತ್ತು ಕೆಲಸದವರ ಜತೆ ನಿಲ್ಲಬೇಕಾದವನು ಕೆಳಗೆ ಆಫೀಸ್ ಕಾಲ್‌ನಲ್ಲಿದ್ದೆ.

“ಅಪ್ಪಾ, ತಪ್ಪು ನಂದು” ಅಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಸೋಲ್ಡರಿಂಗ್ ಐರನ್ ತಗೊಂಬಾ” ಅಂದರು.

ಎರಡೂ ತುದಿಗೆ ಕನೆಕ್ಟರ್ ಕೂರಿಸಿ ಜೋಡಿಸಿದೆವು. ಮತ್ತೆ ಅಳೆದಾಗ ಇಳಿತ 2.47ಕ್ಕೆ ಬಂದಿತ್ತು. ಅಪ್ಪ ಆ ಸಂಖ್ಯೆಯನ್ನು ತಾರೀಕಿನ ಸಮೇತ ಲಾಗ್ ಬುಕ್ಕಿನಲ್ಲಿ ಬರೆದಿಟ್ಟರು. ಕೇಬಲ್ ಹೊಸದಿದ್ದಾಗಲೇ ಅಳೆದು ಬರೆದಿಡಬೇಕಿತ್ತು ಅಂತ ಗೊಣಗಿದರು.

ಭಾನುವಾರ ಬೆಳಿಗ್ಗೆ ನನಗೆ ಎಚ್ಚರವಾಗಿದ್ದು ಕರಕರ ಸದ್ದಿಗೆ. “ಎಲ್ಲಿ ಸಾರ್, ಇಷ್ಟು ದಿನ ಪತ್ತೇನೇ ಇಲ್ಲ?” ಅಂತ ಯಾರೋ ಕೇಳುತ್ತಿದ್ದರು.

ಅಪ್ಪ ಬಾಗಿಲಲ್ಲಿ ನಿಂತ ನನ್ನನ್ನೊಮ್ಮೆ ನೋಡಿ ಮೈಕ್ ಒತ್ತಿದರು. “ಏನಿಲ್ಲ ಸಾರ್, ಕೇಬಲ್ ಸ್ವಲ್ಪ ಕೈಕೊಟ್ಟಿತ್ತು. ಮಗ ಬಂದು ಸರಿ ಮಾಡಿಕೊಟ್ಟ.”