ಎರಡು ವಾರದ ನವಲಗುಂದ

ತಂಬಿಗೆ ಈಗ ನಿಮ್ಮ ಕೈಯಲ್ಲಿದೆ. ಹಿತ್ತಾಳೆಯದು, ನೀವು ಎಣಿಸಿದ್ದಕ್ಕಿಂತ ಭಾರ. ಹುಣಸೆಹುಳಿ ಹಚ್ಚಿ ತಿಕ್ಕಿದ ಅಂಚು ಫಳಫಳ ಹೊಳೆಯುತ್ತಿದೆ, ಒಳಗಿನ ನೀರು ಮಾತ್ರ ತುಸು ಮಸುಕು. ಇನ್ನೊಂದು ಅಂಗೈಯಲ್ಲಿ ಒಂದು ಚೂರು ಬೆಲ್ಲ. ಬೆವರಿಗೆ ಆಗಲೇ ಕರಗಿ ಬೆರಳಿಗೆ ಅಂಟುತ್ತಿದೆ. ಎದುರಿಗೆ ಕಟ್ಟೆಯ ಮೇಲೆ ಕೂತ ಅಜ್ಜಿ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು ನಿಮ್ಮ ಗಂಟಲನ್ನೇ ನೋಡುತ್ತಿದ್ದಾಳೆ. ಬಾಗಿಲಾಚೆ ಅರ್ಧ ಓಣಿಯೇ ಬಂದು ನಿಂತಿದೆ.

"ಕುಡೀರಿ. ಬಿಸಲಾಗ ಬಂದೀರಿ."

ಆ ಮಾತು ನಿಮಗೆ ತಿಳಿಯುವುದಿಲ್ಲ. ನಾನು ಸಾಕು ಅನ್ನುವತನಕ ನಿಮಗೆ ಇಪ್ಪತ್ತು ವರ್ಷ, ಊರು ಅಮೆರಿಕದ ಲೋವೆಲ್, ಓದುತ್ತಿರುವುದು ಬಿಸಿನೆಸ್ಸು, ಬರುವ ಭಾಷೆ ಇಂಗ್ಲಿಷ್ ಒಂದೇ. ಓದುಗರಾಗಿ ಅಜ್ಜಿಯ ಮಾತು ಅರ್ಥವಾಗುತ್ತದಲ್ಲ, ಅದೊಂದು ರಿಯಾಯಿತಿ ನಿಮ್ಮ ಹತ್ತಿರ ಇರಲಿ.

ಹೊರಡುವ ಮುನ್ನ ಕೈಗೆ ಕೊಟ್ಟ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಸೀಲ್ ಒಡೆಯದ ಬಾಟಲಿಯ ನೀರು ಬಿಟ್ಟು ಬೇರೆ ಮುಟ್ಟಬೇಡಿ. ಬಾಟಲಿ ನಿಮ್ಮ ಬೆನ್ನಿನ ಚೀಲದಲ್ಲೇ ಇದೆ. ತೆಗೆಯಬಹುದು. ತೆಗೆದರೆ ಓಣಿಯಷ್ಟೂ ನೋಡುತ್ತದೆ. ಪಕ್ಕದಲ್ಲಿ ನಿಂತ ಹುಬ್ಬಳ್ಳಿಯ ಹುಡುಗಿ, ನಿಮ್ಮ ತಂಡದವಳು, ತುಟಿ ಅಲುಗಿಸದೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ: ಕೆರೆ ನೀರು, ಕಾಸಿದ್ದಲ್ಲ. ಅವಳ ಮುಖದಲ್ಲೂ ಪೇಚಾಟ. ಅಜ್ಜಿಗೆ ಏನು ಹೇಳಲಿ, ನಿಮಗೆ ಏನು ಹೇಳಲಿ?

ಇಲ್ಲಿ ಬೋರ್‌ವೆಲ್ ಹೊಡೆದರೆ ಬರುವುದು ಬಹುಮಟ್ಟಿಗೆ ಸವಳು ನೀರು. ಹಾಗಾಗಿ ನವಲಗುಂದ ಸೀಮೆಯ ಹಳ್ಳಿಗಳು ತಲೆತಲಾಂತರದಿಂದ ಕೆರೆಯ ನೀರನ್ನೇ ಕುಡಿದು ಬದುಕಿವೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಬಲದಂಡೆ ಕಾಲುವೆಗೆ ನೀರು ಬಿಟ್ಟಾಗ ಈ ಕೆರೆಗಳು ತುಂಬುತ್ತವೆ. ಬಿಡದಿದ್ದರೆ ಊರಿಗೆ ಊರೇ ತಳಮಳ. ಅಂದರೆ ನಿಮ್ಮ ಕೈಯಲ್ಲಿರುವುದು ಮನೆಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು.

ಬೆಲ್ಲ ಬಾಯಿಗೆ ಹಾಕುತ್ತೀರಿ. ತಂಬಿಗೆ ಎತ್ತುತ್ತೀರಿ. ತುಟಿಗೆ ತಾಗಿಸಬಾರದೆಂದು ಹುಡುಗಿ ಹೇಳಿಕೊಟ್ಟಿದ್ದಾಳೆ. ಎತ್ತರದಿಂದ ಬಿದ್ದ ನೀರು ಅರ್ಧ ಅಂಗಿಗೆ, ಅರ್ಧ ಗಂಟಲಿಗೆ. ಒಂದು ಗುಟುಕು. ಇನ್ನೊಂದು. ತಂಪು, ಮಣ್ಣಿನ ವಾಸನೆ, ಬೆಲ್ಲದ ಸಿಹಿ. ಓಣಿ ಗೊಳ್ಳೆಂದು ನಗುತ್ತದೆ. ಅಜ್ಜಿ ಒದ್ದೆ ಅಂಗಿ ನೋಡಿ ಎದ್ದೇ ಬಿಡುತ್ತಾಳೆ: "ತಡೀರಿ, ಚಾ ಇಡ್ತೀನಿ." ಚಹಾ ಕುದಿಯುತ್ತದೆ, ಅದರ ಭಯವಿಲ್ಲ. ಆದರೆ ಆ ಎರಡು ಗುಟುಕು ಹೊಟ್ಟೆಗೆ ಇಳಿದಾಗಿದೆ.

ನೀವು ಇಲ್ಲಿಗೆ ಬಂದದ್ದಾದರೂ ಹೇಗೆ? ಅಮೆರಿಕದ ಕಾಲೇಜುಗಳಿಗೆ ಡಿಸೆಂಬರ್ ನಡುವಿನಿಂದ ಜನವರಿಯ ಮೂರನೇ ವಾರದತನಕ ಚಳಿಗಾಲದ ರಜೆ. ಆ ಬಿಡುವಿನಲ್ಲಿ ಹತ್ತು ಹದಿನೈದು ದಿನ ಪರದೇಶಕ್ಕೆ ಕರೆದೊಯ್ದು, ಕಲಿಸಿ, ಕ್ರೆಡಿಟ್ ಕೊಡುವ ಕಿರು ಕೋರ್ಸುಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಹೆಚ್ಚಿನವರು ಲಂಡನ್, ರೋಮ್ ಅನ್ನುತ್ತಾರೆ. ನಿಮ್ಮೂರಿನ ವಿಶ್ವವಿದ್ಯಾಲಯವಾದ ಯುಮಾಸ್ ಲೋವೆಲ್‌ನವರು 2010ರ ದಶಕದ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿ ಅಂದರು. ಇಲ್ಲಿನ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನ ಜತೆ, ಅಂದರೆ 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾದ ಅದೇ ಕಾಲೇಜಿನ ಜತೆ, ಎರಡು ವಾರದ ಉದ್ಯಮಶೀಲತೆಯ ಪಾಠ. ಅಲ್ಲಿನ ಹುಡುಗರು, ಇಲ್ಲಿನ ಹುಡುಗರು ಬೆರೆತ ತಂಡಗಳು. ಒಂದು ತೊಂದರೆ ಹುಡುಕಿ, ಅದಕ್ಕೊಂದು ಉದ್ಯಮ ಯೋಚಿಸಿ, ಕೊನೆಯ ದಿನ ವೇದಿಕೆಯಲ್ಲಿ ಮಂಡಿಸಬೇಕು. ಎರಡೂ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಚ್ಚಿದ ಸಂಸ್ಥೆ ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆಯವರ ಫೌಂಡೇಶನ್.

ಚಹಾ ಮುಗಿಯಿತು. ಹೊಲಕ್ಕೆ ನಡೆಯಿರಿ.

ಲೋವೆಲ್‌ನಲ್ಲಿ ಈಗ ಹಿಮ, ಮಧ್ಯರಾತ್ರಿ. ಇಲ್ಲಿ ಹನ್ನೊಂದರ ಬಿಸಿಲು ಕತ್ತಿನ ಹಿಂಬದಿ ಸುಡುತ್ತಿದೆ. ಕಾಲಡಿಯಲ್ಲಿ ಎರಿ ಭೂಮಿ, ಮಳೆಗಾಲದಲ್ಲಿ ಬೂಟನ್ನೇ ಕಿತ್ತುಕೊಳ್ಳುವ ಮಣ್ಣು. ಜನವರಿಯಲ್ಲಿ ಒಣಗಿ ಬಾಯಿಬಿಟ್ಟಿದೆ. ಕೆಲವು ಬಿರುಕಿನಲ್ಲಿ ಮುಂಗೈತನಕ ಇಳಿಸಬಹುದು. ಇಳಿಸಬೇಡಿ, ಹುಡುಗಿ ಬೇಡ ಅನ್ನುತ್ತಿದ್ದಾಳೆ. ಹಾವು ಅನ್ನುವ ಶಬ್ದವನ್ನು ಅವಳು ಇಂಗ್ಲಿಷಿನಲ್ಲೇ ಹೇಳಿದ್ದರಿಂದ ಕೈ ತಾನಾಗಿ ಹಿಂದೆ ಬರುತ್ತದೆ.

ಬದುವಿನ ಈಚೆ ಹತ್ತಿ ಬಿಡಿಸುತ್ತಿದ್ದಾರೆ. ಹೆಂಗಸರ ಉಡಿ ಉಬ್ಬಿವೆ, ಬೆರಳು ನಿಲ್ಲುವುದೇ ಇಲ್ಲ. ನೀವೂ ಒಂದು ಕಾಯಿಗೆ ಕೈ ಹಾಕುತ್ತೀರಿ. ಒಣಗಿದ ಸಿಪ್ಪೆಯ ತುದಿ ಉಗುರಿನ ಸಂದಿಗೆ ಚುಚ್ಚಿ ರಕ್ತ ಜಿನುಗುತ್ತದೆ. ಬದುವಿನ ಆಚೆ ಕಡಲೆ. ಹಸಿ ಕಡಲೆ ತಿನ್ನಲೆಂದು ಗಿಡ ಕಿತ್ತು ಕೊಟ್ಟಾಗ ಗೀರಿದ ಬೆರಳಿನಿಂದಲೇ ಹಿಡಿಯುತ್ತೀರಿ. ಅಬ್ಬಾ! ಬೆಂಕಿ ತಾಗಿದ ಹಾಗೆ ಉರಿ. ಕಡಲೆ ಗಿಡದ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ, ಅದರ ತುದಿಯಲ್ಲಿ ಹುಳಿ. ಬೆಳಗಿನ ಜಾವ ಬಟ್ಟೆ ಹಾಸಿ ಈ ಹುಳಿಯನ್ನು ಹಿಂಡಿಟ್ಟುಕೊಳ್ಳುವ ರೂಢಿ ಹಳಬರಲ್ಲಿತ್ತು, ಹೊಟ್ಟೆನೋವಿಗೆ ಮದ್ದು. ಬೆರಳು ಬಾಯಿಗಿಟ್ಟುಕೊಳ್ಳುತ್ತೀರಿ. ರಕ್ತದ ಉಪ್ಪು, ಕಡಲೆಯ ಹುಳಿ.

ಈ ಹತ್ತಿಗೂ ನಿಮ್ಮೂರಿಗೂ ಹಳೆಯ ಲೆಕ್ಕವಿದೆ. ಲೋವೆಲ್ ಎದ್ದು ನಿಂತದ್ದೇ ಮೆರಿಮ್ಯಾಕ್ ನದಿಯ ದಂಡೆಯ ಹತ್ತಿ ಗಿರಣಿಗಳಿಂದ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಧಾರವಾಡ ಸೀಮೆಯ ಈ ಎರಿ ನೆಲದಲ್ಲಿ ಬಿತ್ತಿಸಿದರು. 'ಧಾರವಾರ್ ಅಮೆರಿಕನ್' ಎಂಬ ಹೆಸರಲ್ಲೇ ಅದು ಪೇಟೆಗೆ ಹೋಯಿತು. 1861ರಲ್ಲಿ ಅಮೆರಿಕದ ಒಳಯುದ್ಧ ಶುರುವಾಗಿ ದಕ್ಷಿಣದ ಹತ್ತಿ ನಿಂತಾಗ ಲೋವೆಲ್‌ನ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು, ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ನಿಮ್ಮವರ ಕಷ್ಟದಲ್ಲಿ ನಮ್ಮವರು ನಾಲ್ಕು ಕಾಸು ಕಂಡರು ಅನ್ನಿ. ಯುದ್ಧ ಮುಗಿಯಿತು, ಬೆಲೆ ಬಿತ್ತು. ಇದನ್ನು ನಿಮ್ಮ ಕೋರ್ಸಿನಲ್ಲಿ ಯಾರೂ ಹೇಳದಿದ್ದರೆ ಅದು ಆ ಕೋರ್ಸಿನ ದೊಡ್ಡ ಲೋಪ ಎಂದೇ ನನ್ನ ಮತ.

ಹೊಲದ ತಗ್ಗಿನಲ್ಲಿ ಕೃಷಿ ಹೊಂಡ. ನೂರಡಿ ಉದ್ದ, ನೂರಡಿ ಅಗಲ, ಹನ್ನೆರಡಡಿ ಆಳ. ಎರಿ ಮಣ್ಣು ನೀರನ್ನು ಸುಲಭಕ್ಕೆ ಇಂಗಲು ಬಿಡುವುದಿಲ್ಲವಾದ್ದರಿಂದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿಲ್ಲ. ನೀವು ಫೋನ್ ತೆಗೆದು ಗುಣಿಸುತ್ತೀರಿ: 1,20,000 ಘನ ಅಡಿ, ಸುಮಾರು 34 ಲಕ್ಷ ಲೀಟರ್, ಇಳಿಜಾರು ದಂಡೆ ಕಳೆದರೆ ಇನ್ನೂ ಕಡಿಮೆ. ಈಗ ಉಳಿದಿರುವುದು ಮೊಣಕಾಲುದ್ದದ ನೀರು. ಕಡಲೆ ಹೂ ಬಿಡುವ ಹೊತ್ತಿಗೆ ಒಂದು ನೀರು ಕೊಟ್ಟಿದ್ದಾರಂತೆ. ಆ ಒಂದು ನೀರು ಸಿಕ್ಕ ಹೊಲಕ್ಕೂ ಸಿಗದ ಪಕ್ಕದ ಹೊಲಕ್ಕೂ ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತಿದೆ. ನಿಮ್ಮ ತಂಡಕ್ಕೆ ವಿಷಯ ಹೊಳೆದದ್ದು ಇಲ್ಲೇ: ಹೊಂಡ ಇದೆ, ಪಂಪು ಇಲ್ಲದವರಿದ್ದಾರೆ, ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ?

ಈಗ ಪ್ರಶ್ನೆಗಳ ಹಾಳೆ ತೆಗೆಯಬೇಕು. ರೈತ ಬೇವಿನ ನೆರಳಲ್ಲಿ ಟಾವೆಲ್ ಹಾಸಿ ಕೂರಿಸಿದ್ದಾನೆ. ಮೊದಲ ನಾಲ್ಕು ಪ್ರಶ್ನೆ ಸಲೀಸು. ಐದನೆಯದು ವರ್ಷದ ಆದಾಯ, ಆರನೆಯದು ಸಾಲ. ಐದು ನಿಮಿಷದ ಹಿಂದೆ ಪರಿಚಯವಾದ, ನಿಮ್ಮಪ್ಪನ ವಯಸ್ಸಿನ ಮನುಷ್ಯನಿಗೆ ಇದನ್ನು ಕೇಳಬೇಕೆ? ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಕೇಳಿದರೆ? ಪೆನ್ನು ಹಾಳೆಯ ಮೇಲೆ ತಡೆಯುತ್ತದೆ. ಹುಡುಗಿ ಗಂಟಲು ಸರಿಮಾಡಿಕೊಂಡು ಕೇಳಿಯೇ ಬಿಡುತ್ತಾಳೆ.

"ಕಾಕಾ, ವರ್ಷಕ್ಕ ಎಷ್ಟ ಬರ್ತೈತಿ ಅಂತ ಕೇಳಾಕತ್ತಾರ್ರಿ."

"ಮಳಿ ಕೊಟ್ಟಷ್ಟು."

"ಸಾಲ?"

ಆತ ನಿಮ್ಮನ್ನು ನೋಡುತ್ತಾನೆ. ಸಿಟ್ಟಿಲ್ಲ, ನಗುವೂ ಇಲ್ಲ. "ಹೇಳ್ತೀನಿ. ಮೊದಲ ಆ ತಮ್ಮಂದು ಎಷ್ಟೈತಿ ಹೇಳಂತ ಹೇಳವಾ."

ಮೈ ಬಿಸಿಯಾಗುತ್ತದೆ. ನಿಮ್ಮ ಓದಿನ ಸಾಲ ಎಷ್ಟೆಂದು ನಿಮ್ಮ ಗೆಳೆಯರಿಗೂ ಹೇಳಿಲ್ಲ. ಹೇಳುತ್ತೀರಿ. ಹುಡುಗಿ ಡಾಲರನ್ನು ರೂಪಾಯಿ ಮಾಡಿ ಹೇಳುತ್ತಾಳೆ. ಆತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ.

"ಮಳಿ ಕೈಕೊಡದನ ಇಷ್ಟ ಸಾಲ ಆತೇನ ತಮ್ಮಾ?"

ಆಮೇಲೆ ಆತ ತನ್ನ ಸಾಲ ಹೇಳುತ್ತಾನೆ, ಸೊಸೈಟಿಯದ್ದು ಬೇರೆ, ಕೈಗಡ ಬೇರೆ. 1980ರ ಜುಲೈ 21ರಂದು ಇದೇ ನವಲಗುಂದದಲ್ಲಿ ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದದ್ದನ್ನೂ ಹೇಳುತ್ತಾನೆ. ಆಗ ಆತ ಚಿಕ್ಕವನು, ಅಪ್ಪ ರಾತ್ರಿ ಮನೆಗೆ ಬರಲಿಲ್ಲವೆಂದು ಅಳುತ್ತಿದ್ದನಂತೆ. ಹಾಳೆಯಲ್ಲಿ ಇದಕ್ಕೆ ಜಾಗವಿಲ್ಲ. ಹಿಂಬದಿಗೆ ತಿರುಗಿಸಿ ಬರೆಯುತ್ತೀರಿ.

ಊಟಕ್ಕೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ತಟ್ಟೆಯ ಅಂಚಿಗೆ ಒಂದು ಉಂಡೆ ಕೆಂಪು ಮೆಣಸಿನಕಾಯಿಯ ರಂಜಕ. ಟೊಮ್ಯಾಟೊ ಎಂದುಕೊಂಡು ಅಷ್ಟನ್ನೂ ಒಂದೇ ತುತ್ತಿಗೆ ಹಾಕಿಕೊಳ್ಳುತ್ತೀರಿ. ಮುಂದಿನದನ್ನು ಧಾರವಾಡದವರಿಗೆ ವಿವರಿಸಬೇಕಿಲ್ಲ.

ರಾತ್ರಿ ಎರಡು ಗಂಟೆ, ಹುಬ್ಬಳ್ಳಿಯ ಹಾಸ್ಟೆಲ್. ಫ್ಯಾನಿನ ಕಿರಗುಟ್ಟುವಿಕೆ. ಹೊಟ್ಟೆ ಗುಡುಗುತ್ತದೆ. ಎಚ್ಚರ. ಬೆನ್ನಿಗೆ ತಣ್ಣನೆ ಬೆವರು. ಆ ಎರಡು ಗುಟುಕೇ? ಜ್ವರ ಇದೆಯೇ? ಹಣೆ ಮುಟ್ಟಿಕೊಳ್ಳುತ್ತೀರಿ. ಹಾಳೆ ಎಲ್ಲಿ, ಗುಳಿಗೆ ಎಲ್ಲಿ, ಯಾರನ್ನು ಎಬ್ಬಿಸಲಿ? ಎದ್ದು ಓಡುತ್ತೀರಿ. ಮತ್ತೊಮ್ಮೆ ಓಡುತ್ತೀರಿ. ಮನೆಯಲ್ಲಿ ಈಗ ಮಧ್ಯಾಹ್ನ. ಅಮ್ಮನಿಗೆ ಫೋನು ಮಾಡಿದರೆ ಅವಳು ಹೆದರುತ್ತಾಳೆ, ಮಾಡದಿದ್ದರೆ ನಿಮಗೆ ಹೆದರಿಕೆ. ಫೋನು ಕೈಯಲ್ಲೇ ಇದೆ. ಮಾಡುವುದಿಲ್ಲ. ಬೆಳಗಾಗುವ ಹೊತ್ತಿಗೆ ಎಲ್ಲ ಶಾಂತ. ತಿಂಡಿಗೆ ಬಂದ ಹುಡುಗಿ ನಿಮ್ಮ ಮುಖ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾಳೆ: ನೀರಲ್ಲ, ರಂಜಕ.

ಉಳಿದ ದಿನಗಳನ್ನು ಬೇಗ ದಾಟೋಣ. ನವಲಗುಂದದ ಜಮಖಾನೆ ಮಗ್ಗ ನೋಡಿದಿರಿ, ಕುಂದಗೋಳದಲ್ಲಿ ಒಣಮೆಣಸಿನಕಾಯಿ ರಾಶಿಯ ಪಕ್ಕ ಸೀನಿದಿರಿ, ಅಣ್ಣಿಗೇರಿಯ ಅಮೃತೇಶ್ವರನ ಕಲ್ಲುಕಂಬದ ನುಣುಪಿಗೆ ಅಂಗೈ ಒತ್ತಿದಿರಿ. ಇವೆಲ್ಲ ಫೋಟೊ ಆಗಿವೆ.

ಕೊನೆಯ ದಿನ. ಸಭಾಂಗಣದ ಎಸಿ ಮೈ ನಡುಗಿಸುತ್ತಿದೆ. ನಿಮ್ಮ ಸರದಿ. ನಾಲಿಗೆ ಒಣಗಿದೆ, ಸ್ಲೈಡ್ ಒಂದು ಸರಿಯುತ್ತದೆ, ಎರಡು ಸರಿಯುತ್ತದೆ. ಹೊಂಡ, ಪಂಪು, ತಾಸಿನ ಬಾಡಿಗೆ, ಲಾಭ. ತೀರ್ಪುಗಾರರೊಬ್ಬರು ಕೇಳುತ್ತಾರೆ: ನಿಮ್ಮ ಗಿರಾಕಿ ಯಾರು? ನವಲಗುಂದದ ರೈತ, ಎನ್ನುತ್ತೀರಿ. ಹೇಳಿದ ಮೇಲೆ ಕಣ್ಣು ತಾನಾಗಿ ಸಭೆಯ ಮೇಲೆ ಓಡುತ್ತದೆ. ಇಸ್ತ್ರಿ ಮಾಡಿದ ಅಂಗಿಗಳು, ಕತ್ತಿಗೆ ನೇತುಬಿಟ್ಟ ಗುರುತಿನ ಚೀಟಿಗಳು. ಆ ಗಿರಾಕಿ ಒಬ್ಬನೂ ಇಲ್ಲ. ಚಪ್ಪಾಳೆ ಬೀಳುತ್ತದೆ.

ಇಲ್ಲಿಗೆ ನಿಮ್ಮ ವೇಷ ಕಳಚಿ ಮತ್ತೆ ಕನ್ನಡದ ಓದುಗರಾಗಿ. ಎರಡು ವಾರದಲ್ಲಿ ಏನು ಕಲಿಯಲು ಸಾಧ್ಯ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ಬೇವಿನ ನೆರಳಿನ ಆ ಅರ್ಧ ತಾಸು ಒಂದು ಸೆಮಿಸ್ಟರಿಗೆ ಸಮ. ನಮ್ಮ ಹುಡುಗರಿಗೆ ಇಂಥದು ಸಿಗುವುದು ಕಡಿಮೆ. ಅಮೆರಿಕದವರಿಗೆ ರಜೆಯಾಗಿರುವ ಹೊತ್ತಿಗೆ ಇಲ್ಲಿನವರಿಗೆ ಬಹಳ ಸಲ ಸೆಮಿಸ್ಟರ್ ಪರೀಕ್ಷೆ. ನಮ್ಮ ಪಾಲಿಗೆ ಏಳು ದಿನದ ಎನ್ನೆಸ್ಸೆಸ್ ಶಿಬಿರವೇ ಪರದೇಶ, ಅದೂ ಚೆನ್ನಾಗಿ ನಡೆದರೆ.

ಕಾಲೇಜುಗಳಲ್ಲಿ ನನ್ನದೊಂದು ಕೇಳಿಕೆ. ಅಮೆರಿಕದ ತಂಡ ಇರಲಿ, ಎನ್ನೆಸ್ಸೆಸ್ ಇರಲಿ, ಹಳ್ಳಿಗೆ ಹೋಗಿ ಪ್ರಶ್ನೆ ಕೇಳಿ ಬಂದವರು ಕೊನೆಯ ಮಂಡನೆಯನ್ನು ಅದೇ ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ, ಕನ್ನಡದಲ್ಲಿ, ಉತ್ತರ ಕೊಟ್ಟವರ ಎದುರಿಗೆ ಮಾಡಲಿ. ಪಂಪಿನ ಬಾಡಿಗೆ ಗಿಟ್ಟುತ್ತದೋ ಇಲ್ಲವೋ ಎಂದು ಬೇವಿನ ನೆರಳಿನ ಆ ರೈತ ಎರಡು ನಿಮಿಷದಲ್ಲಿ ಹೇಳುತ್ತಾನೆ. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ.